ಆಫರ್ ಟಿಕೆಟ್ ಹುಡುಕುವ ಮುಂಚೆ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ರೈಲು ದರದ ಲೆಕ್ಕ

ವಿಮಾನಕ್ಕೆ ಆಫರ್ ಇದೆ, ಪ್ರೈವೇಟ್ ಬಸ್ಸಿಗೆ ಕೂಪನ್ ಇದೆ, ಹಾಗಾದರೆ ರೈಲಿಗೂ ಏನೋ ಒಂದು ಇರಲೇಬೇಕಲ್ಲ ಅಂತ ನಮ್ಮ ಕಡೆ ಬಹಳ ಜನ ಹುಡುಕುತ್ತಾ ಕೂರುತ್ತಾರೆ. ಹಬ್ಬ ಹತ್ತಿರ ಬಂದರೆ ವಾಟ್ಸಾಪ್‌ನಲ್ಲಿ ಅರ್ಧ ರೇಟಿನ ಟಿಕೆಟ್ ಅಂತ ಲಿಂಕುಗಳು ಬೇರೆ ಓಡಾಡುತ್ತವೆ. ಅವನ್ನು ಒತ್ತಬೇಡಿ. ಮಾಮೂಲಿ ರೈಲಿನ ದರ ನಿಗದಿ ಮಾಡುವುದು ರೈಲ್ವೆ ಇಲಾಖೆ, ಅದೂ ಕಿಲೋಮೀಟರ್ ಲೆಕ್ಕದಲ್ಲಿ. ಅದೇ ರೈಲು, ಅದೇ ಕ್ಲಾಸು, ಅದೇ ದೂರ ಅಂದರೆ ನೀವು ಯಾವ ಆ್ಯಪ್‌ನಲ್ಲಿ ತೆಗೆದರೂ ಮೂಲ ದರ ಒಂದೇ. ಆ್ಯಪ್‌ನವರ ಕೂಪನ್ ಕಡಿಮೆ ಮಾಡೋದು ಹೆಚ್ಚಾಗಿ ಅವರೇ ಮೇಲೆ ಹಾಕಿದ ಚಾರ್ಜನ್ನು.

ಹಾಗಂತ ಎಲ್ಲರೂ ಒಂದೇ ದುಡ್ಡು ಕೊಡುತ್ತಾರೆ ಅಂತಲ್ಲ. ಒಂದೇ ರಾತ್ರಿ, ಒಂದೇ ಬೋಗಿಯಲ್ಲಿ ರಾಯಚೂರಿನಿಂದ ಬೆಂಗಳೂರಿಗೆ ಹೋಗುವ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗಿಂತ ನೂರಾರು ರೂಪಾಯಿ ಜಾಸ್ತಿ ಕೊಟ್ಟಿರಬಹುದು. ವ್ಯತ್ಯಾಸ ಬರೋದು ಯಾವ ಕೋಟಾ, ಯಾವ ರೈಲು, ಯಾವ ಸ್ಟೇಷನ್, ಯಾವ ದಿನ ಬುಕ್ ಮಾಡಿದಿರಿ ಅನ್ನೋದರಿಂದ. ಅದಕ್ಕೇ ಇಲ್ಲಿ ಆಫರ್‌ಗಿಂತ ಆಯ್ಕೆಗಳ ಬಗ್ಗೆ ಜಾಸ್ತಿ ಹೇಳುತ್ತೇನೆ. ನಿಜವಾದ ಆಫರ್ ಅನ್ನುವಂಥವು ಕೆಲವು ಇವೆ, ಅವೂ ಬರುತ್ತವೆ.

ಮುಂಚೆ ಬುಕ್ ಮಾಡೋದಾ, ತತ್ಕಾಲ್ ನೋಡೋದಾ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡೋಣ. ಮಾಮೂಲಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡು ತಿಂಗಳು ಮುಂಚೆ ಬುಕ್ ಮಾಡಿದರೆ ದರ ಕಡಿಮೆ ಆಗಲ್ಲ. ಹಿಂದಿನ ವಾರ ತೆಗೆದರೂ ಅಷ್ಟೇ. ಮುಂಚೆ ತೆಗೆಯುವುದರ ಲಾಭ ಏನು ಅಂದರೆ ಮಾಮೂಲಿ ದರದ ಬರ್ತು ಆಗ ಇರುತ್ತದೆ, ಆಮೇಲೆ ಇರಲ್ಲ. ಇರದೇ ಹೋದಾಗ ತತ್ಕಾಲ್‌ಗೋ ಸ್ಪೆಷಲ್ ರೈಲಿಗೋ ಹೋಗಿ ಜಾಸ್ತಿ ಕೊಡಬೇಕಾಗುತ್ತದೆ. ಮೊದಲು 120 ದಿನ ಮುಂಚೆ ಬುಕಿಂಗ್ ತೆರೆಯುತ್ತಿತ್ತು, 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಬೆಳಿಗ್ಗೆ 8ಕ್ಕೆ ಶುರು. ಗವಿಮಠದ ಜಾತ್ರೆಗೆ ಊರಿಗೆ ಬರುವವರು, ದಸರಾ ರಜೆಗೆ ಹೊರಡುವವರು ಕ್ಯಾಲೆಂಡರ್‌ನಲ್ಲಿ ಹಿಂದಕ್ಕೆ 60 ದಿನ ಎಣಿಸಿ ಆ ಬೆಳಿಗ್ಗೆಯನ್ನೇ ಗುರುತು ಮಾಡಿಟ್ಟುಕೊಳ್ಳಬೇಕು. ರೈಲ್ವೆಯ ಆನ್‌ಲೈನ್ ಬುಕಿಂಗ್ ತಾಣ ಐಆರ್‌ಸಿಟಿಸಿಯ ನಿಮ್ಮ ಖಾತೆಗೆ ಆಧಾರ್ ಜೋಡಿಸಿಲ್ಲ ಅಂದರೆ ಇವತ್ತೇ ಜೋಡಿಸಿ. 2025ರ ಅಕ್ಟೋಬರ್ 1ರಿಂದ ಬುಕಿಂಗ್ ತೆರೆದ ಮೊದಲ ಹೊತ್ತು ಆಧಾರ್ ದೃಢೀಕರಣ ಆದ ಖಾತೆಗಳಿಗೇ ಮೀಸಲು.

ಈಗ ತತ್ಕಾಲ್, ಅಂದರೆ ಕೊನೆ ಗಳಿಗೆಯಲ್ಲಿ ಹೊರಡುವವರಿಗೆ ಇಟ್ಟಿರುವ ಕೋಟಾ. ಪ್ರಯಾಣದ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಜಾಸ್ತಿ ಎಷ್ಟು ಅಂದರೆ ಮೂಲ ದರದ 30%. ಸ್ಲೀಪರ್‌ಗೆ ಕನಿಷ್ಠ 100 ರೂಪಾಯಿ, ಗರಿಷ್ಠ 200. ಥರ್ಡ್ ಎಸಿಗೆ ಕನಿಷ್ಠ 300, ಗರಿಷ್ಠ 400. ಇಷ್ಟು ಎಲ್ಲರಿಗೂ ಗೊತ್ತು. ಬಹಳ ಜನರ ಕಣ್ಣಿಗೆ ಬೀಳದ ಇನ್ನೊಂದು ನಿಯಮ ಇದೆ: ತತ್ಕಾಲ್‌ನಲ್ಲಿ ಸ್ಲೀಪರ್‌ಗೂ ಥರ್ಡ್ ಎಸಿಗೂ ಕಡಿಮೆ ಅಂದರೂ 500 ಕಿಲೋಮೀಟರ್‌ನ ದರ ಹಾಕುತ್ತಾರೆ. ನೀವು ಅಷ್ಟು ದೂರ ಹೋಗದಿದ್ದರೂ!

ಇದನ್ನು ನಮ್ಮ ಊರಿಗೆ ಹಚ್ಚಿ ನೋಡಿ. ಬಳ್ಳಾರಿಯಿಂದ ಬೆಂಗಳೂರು, ರಾಯಚೂರಿನಿಂದ ಬೆಂಗಳೂರು, ಎರಡೂ ರೈಲು ಹಾದಿಯಲ್ಲಿ 500 ಕಿಲೋಮೀಟರ್‌ಗಿಂತ ಕಡಿಮೆ. ಅಂದರೆ ತತ್ಕಾಲ್ ತೆಗೆದಾಗ ನೀವು ಹೋಗದ ದೂರಕ್ಕೂ ದುಡ್ಡು ಕೊಡುತ್ತೀರಿ, ಅದರ ಮೇಲೆ ತತ್ಕಾಲ್ ಚಾರ್ಜು ಬೇರೆ. ಅದೇ ರಾಯಚೂರಿನಿಂದ ದೆಹಲಿಗೆ ಸ್ಲೀಪರ್ ತತ್ಕಾಲ್ ತೆಗೆದರೆ ಮೇಲೆ ಬೀಳೋದು ಹೆಚ್ಚೆಂದರೆ 200 ರೂಪಾಯಿ. ಮುಂಬೈಗೂ ಹೆಚ್ಚುಕಮ್ಮಿ ಇದೇ ಮಾತು, ದೂರ 700 ಕಿಲೋಮೀಟರ್‌ನ ಆಸುಪಾಸು ಇರೋದರಿಂದ ಕನಿಷ್ಠ ದೂರದ ಹೊರೆ ಇಲ್ಲ. ಹಾಗಾಗಿ ನನ್ನ ಅಭಿಪ್ರಾಯ ಸರಳ: ದೂರದ ಊರಿಗೆ ತತ್ಕಾಲ್ ಪರವಾಗಿಲ್ಲ, ಬೆಂಗಳೂರಿಗೆ ತತ್ಕಾಲ್ ದಂಡ.

ಪ್ರೀಮಿಯಂ ತತ್ಕಾಲ್ ಕಡೆ ತಲೆ ಹಾಕದಿದ್ದರೆ ಒಳ್ಳೆಯದು. ಸೀಟು ಖಾಲಿಯಾದಂತೆ ದರ ಏರುತ್ತಾ ಹೋಗುತ್ತದೆ, ಕನ್‌ಫರ್ಮ್ ಆದ ಟಿಕೆಟ್ ರದ್ದು ಮಾಡಿದರೆ ಒಂದು ಪೈಸೆ ವಾಪಸ್ ಬರಲ್ಲ. ಮಾಮೂಲಿ ತತ್ಕಾಲ್ ಕನ್‌ಫರ್ಮ್ ಟಿಕೆಟ್‌ಗೂ ರೀಫಂಡ್ ಇಲ್ಲ, ಆದರೆ ಅಲ್ಲಿ ದರಕ್ಕೆ ಒಂದು ಮಿತಿಯಾದರೂ ಇದೆ.

2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಒಟಿಪಿ ಬೇಕು, ಏಜೆಂಟರಿಗೆ ಮೊದಲ ಅರ್ಧ ಗಂಟೆ ಬುಕ್ ಮಾಡುವ ಹಾಗಿಲ್ಲ. ಆದರೂ ಸ್ಟೇಷನ್ ರಸ್ತೆಯ ಅಂಗಡಿಗಳಲ್ಲಿ ತತ್ಕಾಲ್ ಗ್ಯಾರಂಟಿ ಅಂತ ಹೇಳಿ ತಲೆಗೆ ಇಷ್ಟು ಅಂತ ಕೇಳುವವರು ಇದ್ದಾರೆ. ಅಧಿಕೃತ ಏಜೆಂಟರು ಸ್ಲೀಪರ್ ಟಿಕೆಟ್‌ಗೆ 20 ರೂಪಾಯಿ, ಎಸಿಗೆ 40 ರೂಪಾಯಿ ಮಾತ್ರ ಸೇವಾ ಶುಲ್ಕ ತೆಗೆದುಕೊಳ್ಳಬಹುದು. ಅದೂ ಟಿಕೆಟ್‌ಗೆ, ತಲೆಗಲ್ಲ. ಇಷ್ಟು ಗೊತ್ತಿದೆ ಅಂತ ಒಂದು ಮಾತು ಹೇಳಿ ನೋಡಿ, ಅವರ ಧ್ವನಿ ಬದಲಾಗುತ್ತದೆ.

ಸ್ಟೇಷನ್ ಬದಲಿಸಿ ನೋಡುವುದು

ಕೊಪ್ಪಳದವರಿಗೆ ಇದು ಬಹಳ ಉಪಯೋಗ. ಹಂಪಿ ಎಕ್ಸ್‌ಪ್ರೆಸ್ ಹುಬ್ಬಳ್ಳಿಯಿಂದ ಹೊರಟು ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುಂತಕಲ್ ಮೇಲೆ ಬೆಂಗಳೂರಿಗೆ ಹೋಗಿ ಮೈಸೂರಿಗೆ ಮುಗಿಯುತ್ತದೆ. ಯಾವ ರೈಲಿನಲ್ಲೂ ಹೊರಡುವ ಊರಿನ ಕೋಟಾ ದೊಡ್ಡದು, ನಡುವಿನ ಊರುಗಳಿಗೆ ಪಾಲು ಸಣ್ಣದು. ನಿಮ್ಮ ಟಿಕೆಟ್ ಮೇಲೆ ಆರ್‌ಎಲ್‌ಡಬ್ಲ್ಯುಎಲ್ ಅಥವಾ ಪಿಕ್ಯುಡಬ್ಲ್ಯುಎಲ್ ಅಂತ ಬಂದಿದ್ದರೆ ನೀವು ಆ ಸಣ್ಣ ಪಾಲಿನ ಸಾಲಿನಲ್ಲಿ ನಿಂತಿದ್ದೀರಿ ಅಂತ ಅರ್ಥ, ಅದು ನಿಧಾನವಾಗಿ ಕರಗುತ್ತದೆ. ಜಿಎನ್‌ಡಬ್ಲ್ಯುಎಲ್, ಅಂದರೆ ದೊಡ್ಡ ಕೋಟಾದ ವೇಟಿಂಗ್ ಇದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು.

ಕೊಪ್ಪಳದಿಂದ ವೇಟಿಂಗ್ ತೋರಿಸಿದಾಗ ಹುಬ್ಬಳ್ಳಿಯಿಂದ ಹಾಕಿ ನೋಡಿ. ಅಲ್ಲಿ ಬರ್ತು ಇದ್ದರೆ ಹುಬ್ಬಳ್ಳಿಯಿಂದಲೇ ಟಿಕೆಟ್ ತೆಗೆದು, ಬುಕ್ ಮಾಡುವಾಗಲೇ ಬೋರ್ಡಿಂಗ್ ಸ್ಟೇಷನ್ ಅಂತ ಇರುವಲ್ಲಿ ಕೊಪ್ಪಳ ಆರಿಸಿ. ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ದೂರದ ದುಡ್ಡು ಮೇಲೆ ಬೀಳುತ್ತದೆ ನಿಜ. ಆದರೆ ರೈಲ್ವೆ ದರ ದೂರ ಹೆಚ್ಚಿದಂತೆ ಕಿಲೋಮೀಟರ್‌ಗೆ ಕಡಿಮೆ ಆಗುತ್ತಾ ಹೋಗುವುದರಿಂದ ಈ ಹೆಚ್ಚುವರಿ ತತ್ಕಾಲ್‌ಗಿಂತ ಅಗ್ಗವೇ ಬೀಳುತ್ತದೆ. ಒಂದು ಎಚ್ಚರ: ಬೋರ್ಡಿಂಗ್ ಕೊಪ್ಪಳ ಅಂತ ಹಾಕಿದ ಮೇಲೆ ಹುಬ್ಬಳ್ಳಿಯಲ್ಲಿ ಹತ್ತುವ ಹಕ್ಕು ಇರಲ್ಲ. ಇನ್ನೊಂದು, ಬೋರ್ಡಿಂಗ್ ಹಾಕುವುದನ್ನೇ ಮರೆತರೆ ಹುಬ್ಬಳ್ಳಿಯಲ್ಲಿ ನೀವು ಬರಲಿಲ್ಲ ಅಂತ ಟಿಸಿ ಆ ಬರ್ತನ್ನು ಬೇರೆಯವರಿಗೆ ಕೊಡಬಹುದು.

ವೇಟಿಂಗ್ ಟಿಕೆಟ್ ಇಟ್ಟುಕೊಂಡು ಸ್ಲೀಪರ್‌ಗೆ ಹತ್ತಿ ಅಡ್ಜಸ್ಟ್ ಮಾಡಿಕೊಳ್ಳೋಣ ಅನ್ನುವ ಕಾಲ ಹೋಯಿತು. 2025ರ ಮೇ 1ರಿಂದ ಅದಕ್ಕೆ ಬಿಡುತ್ತಿಲ್ಲ, ಕೌಂಟರ್ ಟಿಕೆಟ್ ಆದರೂ ಸರಿ. ಬುಕ್ ಮಾಡುವಾಗ ವಿಕಲ್ಪ್ ಅಂತ ಒಂದು ಆಯ್ಕೆ ಬರುತ್ತದೆ: ನಿಮ್ಮ ರೈಲಿನಲ್ಲಿ ಸಿಗದಿದ್ದರೆ ಅದೇ ದಾರಿಯ ಬೇರೆ ರೈಲಿನಲ್ಲಿ ಬರ್ತು ಕೊಡಬಹುದು, ದರ ಜಾಸ್ತಿಯಿದ್ದರೂ ಕೇಳಲ್ಲ. ಉದ್ಯಾನ್, ಕರ್ನಾಟಕ, ಬಸವ ಅಂತ ಒಂದೇ ಹಾದಿಯಲ್ಲಿ ಹಲವು ರೈಲು ಓಡುವ ರಾಯಚೂರಿನಲ್ಲಿ ಇದಕ್ಕೆ ಅರ್ಥ ಇದೆ. ಕೊಪ್ಪಳದಲ್ಲಿ ಅಷ್ಟಾಗಿ ಇಲ್ಲ.

ಬಳ್ಳಾರಿಯಿಂದ ದೆಹಲಿಗೋ ಮುಂಬೈಗೋ ಹೋಗುವವರಿಗೆ ಗುಂತಕಲ್ ದಾರಿ ಗೊತ್ತೇ ಇದೆ. 50 ಕಿಲೋಮೀಟರ್ ದೂರ, ಕರ್ನಾಟಕ ಎಕ್ಸ್‌ಪ್ರೆಸ್, ಉದ್ಯಾನ್ ಎಲ್ಲ ಅಲ್ಲಿ ಸಿಗುತ್ತವೆ. ಅಲ್ಲಿಯ ತನಕ ಪ್ಯಾಸೆಂಜರ್ ಗಾಡಿ ಹಿಡಿಯಿರಿ, ಕೋವಿಡ್ ಕಾಲದಲ್ಲಿ 30 ರೂಪಾಯಿಗೆ ಏರಿದ್ದ ಕನಿಷ್ಠ ದರ 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಎರಡೂ ಕಡೆ ರಿಸರ್ವ್ ಮಾಡಿದ್ದರೆ ಎರಡು ಪಿಎನ್ಆರ್‌ಗಳನ್ನು ಜೋಡಿಸಿಡಿ, ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ರೀಫಂಡ್ ಕೇಳಲು ಅನುಕೂಲ. ತಿರುಪತಿಗೆ ಹರಿಪ್ರಿಯಾ, ಗೋವಾ ಕಡೆಗೆ ಅಮರಾವತಿ ನೇರ ಇರುವಾಗ ಈ ತಲೆನೋವು ಬೇಡ.

ಯಾವ ರೈಲು

ರಾಯಚೂರಿನಿಂದ ಬೆಂಗಳೂರಿಗೆ ಹೋಗುವವರ ಮುಂದೆ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ. ರೈಲಿನ ನಂಬರ್ ನೋಡಿ. 12, 20, 22ರಿಂದ ಶುರುವಾದರೆ ಸೂಪರ್‌ಫಾಸ್ಟ್, ಅದಕ್ಕೆ ಸ್ಲೀಪರ್‌ನಲ್ಲಿ ತಲೆಗೆ 30, ಥರ್ಡ್ ಎಸಿಯಲ್ಲಿ 45 ರೂಪಾಯಿ ಮೇಲೆ. ಕರ್ನಾಟಕ ಎಕ್ಸ್‌ಪ್ರೆಸ್ 12627, 12628. ಉದ್ಯಾನ್ 11301, 11302. ಹಂಪಿ 16591, 16592. ಅಂದರೆ ಉದ್ಯಾನ್, ಹಂಪಿ ಎರಡಕ್ಕೂ ಸೂಪರ್‌ಫಾಸ್ಟ್ ಚಾರ್ಜಿಲ್ಲ. ಐದು ಜನರ ಮನೆಗೆ ಹೋಗಿ ಬರುವಷ್ಟರಲ್ಲಿ ಸ್ಲೀಪರ್‌ನಲ್ಲೇ 300 ರೂಪಾಯಿ ವ್ಯತ್ಯಾಸ, ಮಿರ್ಚಿ ಮಂಡಕ್ಕಿ ಖರ್ಚು ಅಲ್ಲೇ ಹುಟ್ಟಿತು ಅಲ್ವಾ?

ವಂದೇ ಭಾರತ್ 2024ರ ಮಾರ್ಚ್‌ನಲ್ಲಿ ಶುರುವಾಯಿತು, ಕಲಬುರಗಿಯಿಂದ ರಾಯಚೂರು, ಮಂತ್ರಾಲಯ ರೋಡ್, ಗುಂತಕಲ್ ಮೇಲೆ ಬೆಂಗಳೂರಿಗೆ. ಚೆನ್ನಾಗಿದೆ, ಬೇಗ ಹೋಗುತ್ತದೆ. ಆದರೆ ಚೇರ್ ಕಾರ್‌ಗೆ ಉದ್ಯಾನ್ ಸ್ಲೀಪರ್‌ನ ಎರಡು ಪಟ್ಟಿಗಿಂತಲೂ ಜಾಸ್ತಿ. ಮೇಲಾಗಿ ಅದು ನಿಲ್ಲೋದು ಬೈಯಪ್ಪನಹಳ್ಳಿ ಕಡೆಯ ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ, ಮೆಜೆಸ್ಟಿಕ್ ಕಡೆ ಕೆಲಸ ಇದ್ದವರು ಅಲ್ಲಿಂದ ಹೋಗುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಗಲು ಗಾಡಿ ಆದ್ದರಿಂದ ಕೆಲಸದ ದಿನವೊಂದು ರೈಲಿನಲ್ಲೇ ಹೋಗುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ, ರಾತ್ರಿ ಪ್ರಯಾಣ ಆಗದವರಿಗೆ ಅದು ಸರಿ. ಹತ್ತುವುದೇ ಆದರೆ ಬುಕ್ ಮಾಡುವಾಗ ಊಟ ಬೇಡ ಅಂತ ಒತ್ತಿ, ದರ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದರೆ ಯಾರೂ ಬೇಡ ಅನ್ನಲ್ಲ.

ಮುಂಚೆ ಬುಕ್ ಮಾಡಿದರೆ ನಿಜವಾಗಿಯೂ ದರವೇ ಕಡಿಮೆ ಆಗುವ ರೈಲು ಅಂದರೆ ರಾಜಧಾನಿ, ಶತಾಬ್ದಿ, ದುರಂತೋ. 2016ರ ಸೆಪ್ಟೆಂಬರ್ 9ರಿಂದ ಇವಕ್ಕೆ ಫ್ಲೆಕ್ಸಿ ದರ. ಮೊದಲ 10% ಬರ್ತು ಮೂಲ ದರಕ್ಕೆ, ಆಮೇಲೆ ಪ್ರತಿ 10% ಮಾರಾಟವಾದಾಗಲೂ ದರ 10% ಏರುತ್ತದೆ, ಒಂದು ಮಿತಿಯ ತನಕ. ಬೆಂಗಳೂರು–ದೆಹಲಿ ರಾಜಧಾನಿ ರಾಯಚೂರಿನ ಮೇಲೇ ಹೋಗುತ್ತದೆ. ದೆಹಲಿಗೆ ಕೋಚಿಂಗ್‌ಗೆ ಹೋಗುವ ಹುಡುಗರಿಗೆ ನಾನು ಹೇಳೋದು ಇಷ್ಟು: 60ನೇ ದಿನ ಬೆಳಿಗ್ಗೆ 8ಕ್ಕೆ ಕೂತು ತೆಗೆಯುವುದಾದರೆ ರಾಜಧಾನಿ ನೋಡಿ, ತಡ ಆಯಿತಾ, ಸುಮ್ನೆ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಿರಿ. ಅದರಲ್ಲಿ ಥರ್ಡ್ ಎಸಿ ಎಕಾನಮಿ ಕ್ಲಾಸ್ ತೋರಿಸಿದರೆ ಅದನ್ನೇ ತೆಗೆಯಿರಿ. ಮಾಮೂಲಿ ಥರ್ಡ್ ಎಸಿಗಿಂತ ಸ್ವಲ್ಪ ಕಡಿಮೆ, ಜಾಗ ಒಂಚೂರು ಬಿಗಿ, ಹೊದಿಕೆ ಕೊಡುತ್ತಾರೆ.

ಸೊನ್ನೆಯಿಂದ ಶುರುವಾಗುವ ನಂಬರ್ ಇದ್ದರೆ ಅದು ಸ್ಪೆಷಲ್. ಹಬ್ಬದ ಸ್ಪೆಷಲ್ ಅಂದಾಕ್ಷಣ ಅಗ್ಗ ಅಂದುಕೊಳ್ಳಬೇಡಿ, ಹೆಚ್ಚಿನವು ಸ್ಪೆಷಲ್ ದರದವು, ತತ್ಕಾಲ್ ಥರವೇ ಮೇಲೆ ಹಾಕಿರುತ್ತಾರೆ. ಎಲ್ಲೂ ಸಿಗದಾಗ ಮಾತ್ರ.

ಬೆಂಗಳೂರಿಗಾದರೆ ಬಸ್ಸನ್ನೂ ಪಕ್ಕದಲ್ಲಿಟ್ಟು ನೋಡಿ

ಹೆಣ್ಣುಮಕ್ಕಳಿಗೆ ಇದಕ್ಕಿಂತ ಅಗ್ಗ ಯಾವುದೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ರಾಜ್ಯದೊಳಗೆ ಟಿಕೆಟ್ ದರ ಸೊನ್ನೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಅನ್ವಯಿಸಲ್ಲ, ರಾಜ್ಯದ ಗಡಿ ದಾಟುವ ಬಸ್ಸಿಗೂ ಇಲ್ಲ. ಬಳ್ಳಾರಿಯಿಂದ ಒಬ್ಬ ಅಕ್ಕನೋ ಅಮ್ಮನೋ ಬೆಂಗಳೂರಿಗೆ ಹಗಲು ಹೋಗುವುದಾದರೆ ರೈಲಿನ ಯಾವ ಲೆಕ್ಕವೂ ಬೇಕಿಲ್ಲ. ರಾತ್ರಿಯಿಡೀ ಕೂತುಕೊಂಡೇ ಹೋಗೋದು ಮಾತ್ರ ಸೊಂಟಕ್ಕೆ ಶಿಕ್ಷೆ, ಆಗ ಹಂಪಿ ಎಕ್ಸ್‌ಪ್ರೆಸ್‌ನ ಸ್ಲೀಪರ್‌ಗೆ ಕೊಡುವ ದುಡ್ಡು ದಂಡ ಅಲ್ಲ.

ಗಂಡಸರಿಗೆ ಸರ್ಕಾರಿ ಬಸ್ಸು ಸ್ಲೀಪರ್ ರೈಲಿಗಿಂತ ದುಬಾರಿ. 2025ರ ಜನವರಿಯಲ್ಲಿ ಬಸ್ ದರ 15% ಏರಿದ ಮೇಲಂತೂ ಹೋಲಿಕೆಯೇ ಬೇಡ. ಪ್ರೈವೇಟ್ ಸ್ಲೀಪರ್ ಬಸ್ಸಿನ ದರ ಶುಕ್ರವಾರ ಒಂದು, ಮಂಗಳವಾರ ಒಂದು. ವಾರದ ನಡುವೆ ಹೋಗುವವರಿಗೆ ಅಲ್ಲಿ ಕೂಪನ್ ನಿಜಕ್ಕೂ ಕೆಲಸ ಮಾಡುತ್ತದೆ, ಹಬ್ಬದ ಹಿಂದಿನ ದಿನ ಅದೇ ಬಸ್ಸು ಕಣ್ಣಲ್ಲಿ ನೀರು ತರಿಸುತ್ತದೆ. ರೈಲಿನ ದರವೂ 2025ರಲ್ಲಿ ಜುಲೈ 1ಕ್ಕೆ ಒಮ್ಮೆ, ಡಿಸೆಂಬರ್ 26ಕ್ಕೆ ಇನ್ನೊಮ್ಮೆ ಏರಿದೆ, ಆದರೆ ಎರಡನೇ ಏರಿಕೆಯಲ್ಲಿ 500 ಕಿಲೋಮೀಟರ್‌ನ ಎಸಿ ಅಲ್ಲದ ಟಿಕೆಟ್‌ಗೆ ಬಿದ್ದದ್ದು ಸುಮಾರು 10 ರೂಪಾಯಿ.

ಗುಳೆ ಹೋಗುವ ಮಂದಿ ಜನರಲ್ ಬೋಗಿಯಲ್ಲಿ ನಿಂತು ಹೋಗುವುದನ್ನು ಅಗ್ಗದ ಆಯ್ಕೆ ಅಂತ ಬರೆಯಲು ನನಗೆ ಮನಸ್ಸಿಲ್ಲ. ಅದು ಆಯ್ಕೆ ಅಲ್ಲ. ಆದರೂ ಜನರಲ್ ಟಿಕೆಟ್ ತೆಗೆಯುವುದೇ ಆದರೆ ಕ್ಯೂನಲ್ಲಿ ನಿಲ್ಲದೆ ಮೊಬೈಲ್‌ನಲ್ಲಿ ರೈಲ್ವೆಯದೇ ಆರ್-ವ್ಯಾಲೆಟ್‌ಗೆ ದುಡ್ಡು ಹಾಕಿ ಅದರ ಮೂಲಕ ತೆಗೆಯಿರಿ, 3% ಉಳಿಯುತ್ತದೆ.

ಆಫರ್ ಅನ್ನಬಹುದಾದವು

ರೈಲ್ವೆ ತಾನೇ ಘೋಷಿಸಿದ ಆಫರ್ ಅಂದರೆ 2025ರ ಹಬ್ಬದ ರೌಂಡ್ ಟ್ರಿಪ್ ಪ್ಯಾಕೇಜ್. ಹೋಗಿ ಬರುವ ಎರಡೂ ಟಿಕೆಟ್ ಒಟ್ಟಿಗೆ ತೆಗೆದರೆ ಬರುವ ಟಿಕೆಟ್‌ನ ಮೂಲ ದರದಲ್ಲಿ 20% ಕಡಿತ ಇತ್ತು. ಕೇಳಲು ಚೆನ್ನ. ಷರತ್ತು ಹೀಗಿತ್ತು: ಹೋಗೋದು ಅಕ್ಟೋಬರ್ 13ರಿಂದ 26ರೊಳಗೆ, ಬರೋದು ನವೆಂಬರ್ 17ರಿಂದ ಡಿಸೆಂಬರ್ 1ರೊಳಗೆ, ಅದೇ ಜನ, ಅದೇ ಕ್ಲಾಸು, ಅದೇ ಎರಡು ಊರು, ಎರಡೂ ಕಡೆ ಕನ್‌ಫರ್ಮ್ ಆಗಿರಬೇಕು, ರೀಫಂಡ್ ಇಲ್ಲ, ಫ್ಲೆಕ್ಸಿ ದರದ ರೈಲಿಗೆ ಇಲ್ಲ. ದೀಪಾವಳಿಗೆ ಊರಿಗೆ ಬಂದವರು ಒಂದು ತಿಂಗಳು ಮನೆಯಲ್ಲಿ ಕೂರಬೇಕಿತ್ತು! ಆಫೀಸಿಗೆ ಹೋಗುವವರಿಗೆ ಇದು ಆಗದ ಮಾತಾಗಿತ್ತು. ಮುಂದೆ ಇಂಥದ್ದು ಬಂದಾಗ ಪರ್ಸೆಂಟೇಜ್ ನೋಡುವ ಮುಂಚೆ ವಾಪಸ್ ಬರುವ ತಾರೀಖು ನೋಡಿ.

2023ರ ಜುಲೈನಲ್ಲಿ ಇನ್ನೊಂದು ಬಂತು, ಅರ್ಧಕ್ಕಿಂತ ಕಡಿಮೆ ತುಂಬುವ ರೈಲುಗಳ ಎಸಿ ಚೇರ್ ಕಾರ್ ಮತ್ತು ಎಕ್ಸಿಕ್ಯುಟಿವ್ ಕ್ಲಾಸಿಗೆ 25% ತನಕ ಇಳಿಸುವ ಅಧಿಕಾರವನ್ನು ವಲಯಗಳಿಗೆ ಕೊಟ್ಟರು. ನೀವು ಕೂಪನ್ ಹಾಕುವ ಅಗತ್ಯ ಇಲ್ಲ, ಇದ್ದರೆ ಪರದೆ ಮೇಲಿನ ದರವೇ ಕಡಿಮೆ ತೋರಿಸುತ್ತದೆ.

ಬುಕಿಂಗ್ ಪುಟದಲ್ಲಿ ಆಟೋ ಅಪ್‌ಗ್ರೇಡ್ ಅಂತ ಚಿಕ್ಕ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಮೇಲಿನ ಕ್ಲಾಸ್ ಖಾಲಿ ಇದ್ದರೆ ಸ್ಲೀಪರ್ ದರಕ್ಕೇ ಎಸಿ ಸಿಗಬಹುದು. ದುಡ್ಡು ಕಟ್ಟುವಾಗ ಕಾರ್ಡ್ ಬದಲು ಯುಪಿಐ ಬಳಸಿ: ಐಆರ್‌ಸಿಟಿಸಿಯ ಶುಲ್ಕ ಎಸಿ ಅಲ್ಲದ ಟಿಕೆಟ್‌ಗೆ 15ರ ಬದಲು 10, ಎಸಿಗೆ 30ರ ಬದಲು 20, ಜಿಎಸ್‌ಟಿ ಬೇರೆ. ಇದು ಟಿಕೆಟ್‌ಗೆ, ತಲೆಗಲ್ಲ. ಹಾಗಾಗಿ ಮನೆಯವರದೆಲ್ಲ ಒಂದೇ ಟಿಕೆಟ್‌ನಲ್ಲಿ ಹಾಕಿ, ಆರು ಜನರ ತನಕ ಆಗುತ್ತದೆ. ಬೇರೆ ಆ್ಯಪ್‌ಗಳಲ್ಲಿ ಉಚಿತ ಕ್ಯಾನ್ಸಲೇಶನ್ ಅಂತ ತಾನಾಗಿಯೇ ಟಿಕ್ ಆಗಿರುವುದನ್ನು ತೆಗೆಯಲು ಮರೆಯಬೇಡಿ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ತೀರ್ಥಯಾತ್ರೆಗೆ ಹೊರಟವರಿಗೆ ಸರ್ಕ್ಯುಲರ್ ಟಿಕೆಟ್ ಇದೆ. ಹೊರಟ ಊರಿಗೇ ವಾಪಸ್ ಬರುವ ಒಂದು ಸುತ್ತು, ನಡುವೆ ಎಂಟು ಕಡೆ ಇಳಿಯಬಹುದು. ಒಟ್ಟು ದೂರವನ್ನು ಎರಡು ಭಾಗ ಮಾಡಿ ಎರಡು ಉದ್ದದ ಟಿಕೆಟ್ ಅಂತ ದರ ಹಾಕುವುದರಿಂದ ಊರಿಂದ ಊರಿಗೆ ಬಿಡಿಬಿಡಿಯಾಗಿ ತೆಗೆಯುವುದಕ್ಕಿಂತ ಬಹಳ ಕಡಿಮೆ. ಆದರೆ ಆ್ಯಪ್‌ನಲ್ಲಿ ಆಗುವ ಕೆಲಸ ಅಲ್ಲ. ಹೋಗುವ ಊರುಗಳ ಪಟ್ಟಿ ಬರೆದುಕೊಂಡು ರೈಲ್ವೆಯ ಕಮರ್ಷಿಯಲ್ ಕಚೇರಿಗೆ ಅರ್ಜಿ ಕೊಡಬೇಕು, ಆಮೇಲೆ ಕೌಂಟರಿನಲ್ಲಿ ಒಂದೊಂದು ರೈಲಿಗೂ ಬರ್ತು ಹಾಕಿಸಬೇಕು. ಹೊರಡುವ ಒಂದು ವಾರ ಮುಂಚೆ ತಯಾರಿ ಶುರು ಮಾಡಿದರೆ ಇದಕ್ಕೆ ಸಮಯ ಸಾಲದು.

ಕೌಂಟರಿಗೆ ಹೋದರೆ ಸಿಗುವ ರಿಯಾಯಿತಿ

ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್ 20ರಂದು ನಿಂತದ್ದು ಮತ್ತೆ ಬಂದಿಲ್ಲ. ಅಜ್ಜನ ವಯಸ್ಸು ಹಾಕಿದರೆ ಕೆಳಗಿನ ಬರ್ತು ಸಿಗುವ ಸಾಧ್ಯತೆ ಇದೆ, ಅಷ್ಟೇ. ಆದರೆ ಅದರ ಜೊತೆ ಎಲ್ಲಾ ರಿಯಾಯಿತಿಯೂ ಹೋಯಿತು ಅಂತ ಜನ ತಿಳಿದುಕೊಂಡಿದ್ದಾರೆ. ವಿದ್ಯಾರ್ಥಿಗಳು, ಅಂಗವಿಕಲರು, ಕೆಲವು ಕಾಯಿಲೆಯವರು, ಇವರದು ಇನ್ನೂ ಇದೆ. ಈ ಮೂರು ಜಿಲ್ಲೆಗಳಲ್ಲಿ ನಿಜವಾಗಿ ದುಡ್ಡು ಉಳಿಯೋದು ಇಲ್ಲೇ.

ಹಾಸ್ಟೆಲ್‌ನಲ್ಲಿದ್ದು ಓದುವ ಮಕ್ಕಳು ಸ್ವಂತ ಊರಿಗೆ ಬರಲು ಸ್ಲೀಪರ್‌ನಲ್ಲಿ 50%, ಪರಿಶಿಷ್ಟ ಜಾತಿ, ಪಂಗಡದವರಾದರೆ 75% ರಿಯಾಯಿತಿ. ಕಾಲೇಜಿನ ಕಚೇರಿಯಲ್ಲಿ ರೈಲ್ವೆ ಕನ್ಸೆಷನ್ ಫಾರ್ಮ್ ಕೊಡಿ ಅಂತ ಕೇಳಬೇಕು, ಪ್ರಿನ್ಸಿಪಾಲರ ಸಹಿ ಮೊಹರು ಹಾಕಿಸಬೇಕು. ಗುಮಾಸ್ತರು ಗೊಣಗಿದರೂ ಬಿಡಬೇಡಿ.

ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಗೋ ತಪಾಸಣೆಗೋ ಹೋಗಿ ಬರಲು ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ 75%. ನಮ್ಮ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ತಿಂಗಳು ತಿಂಗಳು ಓಡಾಡುವ ಮನೆಗಳು ಎಷ್ಟೋ ಇವೆ. ಅವರಲ್ಲಿ ಬಹಳ ಜನ ತತ್ಕಾಲ್ ತೆಗೆದು ಹೋಗುತ್ತಾರೆ, ಯಾರೂ ಹೇಳಿರಲ್ಲ. ತತ್ಕಾಲ್ ಕೋಟಾದಲ್ಲಿ ಯಾವ ರಿಯಾಯಿತಿಯೂ ಇಲ್ಲ, ಹಾಗಾಗಿ ಮುಂದಿನ ತಪಾಸಣೆಯ ತಾರೀಖು ಡಾಕ್ಟರ್ ಬರೆದುಕೊಟ್ಟ ದಿನವೇ ಆಸ್ಪತ್ರೆಯಿಂದ ರೈಲ್ವೆ ನಮೂನೆಯ ಸರ್ಟಿಫಿಕೇಟ್ ಮಾಡಿಸಿಕೊಂಡು, ಮಾಮೂಲಿ ಕೋಟಾದಲ್ಲಿ ಬರ್ತು ಇರುವಾಗಲೇ ಕೌಂಟರಿಗೆ ಹೋಗಬೇಕು. ಮೂಲ ಪ್ರತಿ ಕೇಳುತ್ತಾರೆ, ಜೆರಾಕ್ಸ್ ಎರಡು ಇಟ್ಟುಕೊಂಡಿರಿ. ರೈಲಿನಲ್ಲಿ ಟಿಸಿ ಕೇಳಿದರೆ ತೋರಿಸಲು ಅದು ಬೇಕಾಗುತ್ತದೆ.